ಸಮುದ್ರದ ಸದ್ದು ಕೇಳಬಾರದೆಂದು

ಸನ್‌ಸ್ಕ್ರೀನ್ ಟ್ಯೂಬಿನ ಮುಚ್ಚಳ ತೆಗೆದರೆ ನನಗೆ ಶೇಂಗಾ ಚಟ್ನಿಪುಡಿ ನೆನಪಾಗುತ್ತದೆ. ಮನೆಯಲ್ಲಿ ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಈ ಬೇಸಿಗೆಯ ಮೊದಲ ಬಿಸಿಲಿಗೆ ಮಗಳನ್ನು ಈಜಿನ ಕ್ಲಾಸಿಗೆ ಹೊರಡಿಸುತ್ತಾ ಅವಳ ಬೆನ್ನಿಗೆ ಆ ಬಿಳಿ ಲೋಷನ್ ಹಚ್ಚುತ್ತಿದ್ದೆ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೆಯೇ ಬೆಳ್ಳುಳ್ಳಿ, ಕೆಂಪು ಖಾರ, ಹುರಿದ ಶೇಂಗಾ... ನನ್ನ ಕೈ ಅಲ್ಲೇ ನಿಂತುಹೋಯಿತು. "ಅಮ್ಮಾ, ಆರ್ ಯೂ ಡನ್?" ಎಂದು ಮಗಳು ಸಿಡುಕಿದಳು.

ಅಕ್ಕ ಮಾಡುತ್ತಿದ್ದುದೇ ಹಾಗೆ. ಕಾರಿನ ಕನ್ನಡಿ ನೋಡಿಕೊಂಡು ಮುಖಕ್ಕೆ, ಕುತ್ತಿಗೆಗೆ ಸನ್‌ಸ್ಕ್ರೀನ್ ಬಳಿದುಕೊಳ್ಳುವರು. ಪೇಪರ್ ಟವೆಲಿಗೆ ಕೈ ಒರೆಸಿದಂತೆ ಮಾಡಿ, ಅದೇ ಕೈಯಲ್ಲಿ ಜೋಳದ ರೊಟ್ಟಿಯ ಮೇಲೆ ಚಟ್ನಿಪುಡಿ ಹರವಿ, ಎಣ್ಣೆ ಬಿಟ್ಟು, ಸುರುಳಿ ಸುತ್ತಿ ನನಗೆ ಕೊಡುವರು. ಮೊದಲ ಸಲ ನಾನು ಮುಖ ಕಿವುಚಿದ್ದೆ. ಆಮೇಲೆ ಆ ವಾಸನೆಯಿಲ್ಲದ ರೊಟ್ಟಿ ಸಪ್ಪೆ ಎನಿಸತೊಡಗಿತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ನ್ಯೂಯಾರ್ಕಿನ ಪಕ್ಕದ ಹ್ಯಾರಿಸನ್ನಿನಲ್ಲಿ ನಮ್ಮದೇ ಬಿಲ್ಡಿಂಗಿನ ನಮ್ಮದೇ ಮಹಡಿಯಲ್ಲಿದ್ದವರು. ಗದಗ ಕಡೆಯವರು, ಮ್ಯಾನ್‌ಹಟನ್ನಿನ ಒಂದು ಕಂಪನಿಯಲ್ಲಿ ಕೆಲಸ. ನಾನು ಆಗಷ್ಟೇ ಮದುವೆಯಾಗಿ ಮೈಸೂರಿನಿಂದ ಬಂದಿದ್ದೆ. ನನ್ನವರು ನೂವಾರ್ಕಿನ ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರು. ಅವರಿಗೆ ಶನಿವಾರವೂ ಒಂದೇ, ಬುಧವಾರವೂ ಒಂದೇ. ನನ್ನದು ಡಿಪೆಂಡೆಂಟ್ ವೀಸಾ, ದುಡಿಯುವ ಹಾಗಿಲ್ಲ. ಕಾರಿಲ್ಲ, ಲೈಸೆನ್ಸಿಲ್ಲ. ಪಾಥ್ ರೈಲು ನ್ಯೂಯಾರ್ಕಿಗೆ ಹೋಗುವುದನ್ನೂ ಬರುವುದನ್ನೂ ಕಿಟಕಿಯಿಂದ ನೋಡುವುದೇ ನನಗಿದ್ದ ಉದ್ಯೋಗ. ಎಷ್ಟೋ ದಿನ ನನ್ನ ದನಿಯನ್ನು ನಾನೇ ಸಂಜೆಯವರೆಗೆ ಕೇಳುತ್ತಿರಲಿಲ್ಲ.

ಒಂದು ದಿನ ಲಿಫ್ಟಿನ ಮುಂದೆ ನಿಂತು ಫೋನಿನಲ್ಲಿ ಅಮ್ಮನ ಜೊತೆ ಜೋರಾಗಿ ಜಗಳವಾಡುತ್ತಿದ್ದೆ. ಅರ್ಥವಾಗುವವರು ಯಾರಿದ್ದಾರೆ ಎಂಬ ಧೈರ್ಯ. ಲಿಫ್ಟಿನ ಬಾಗಿಲು ತೆರೆಯಿತು. ಒಗೆದ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಜಗಳ ಮುಗದ ಮ್ಯಾಲೆ ನಮ್ಮನಿಗೆ ಚಹಾಕ್ಕ ಬಾ, ತಂಗೀ" ಎಂದು ಹೊರಟೇಹೋದರು. ನಾನು ಜಗಳವನ್ನು ಅರ್ಧಕ್ಕೆ ಬಿಟ್ಟು ಹೋದೆ.

ಅವರ ಮನೆಯಲ್ಲಿ ಮೂರು ಜನರ ಸಾಮಾನಿತ್ತು, ಇದ್ದವರು ಒಬ್ಬರೇ. ಚಹಾ ಕುಡಿಯುತ್ತಾ ಎಲ್ಲವನ್ನೂ ಹೇಳಿದರು. ಹಿಂದಿನ ಚಳಿಗಾಲದ ಹೊಸ್ತಿಲಲ್ಲಿ ಗಂಡ, ಎಂಟು ವರ್ಷದ ಮಗಳು, ತಾವು ಮೂವರೂ ಬೇರೆ ರಾಜ್ಯದಿಂದ ಇಲ್ಲಿಗೆ ಬಂದಿದ್ದರು. ಆ ವರ್ಷ ಹಿಮವೋ ಹಿಮ. ಬೇಸಿಗೆ ಬರಲಿ, ಎಲ್ಲ ಕಡೆ ತಿರುಗಾಡೋಣ ಎಂದು ಮಗಳಿಗೆ ಮಾತು ಕೊಟ್ಟಿದ್ದರು. ಬೇಸಿಗೆಗೆ ಮುಂಚೆ ಗಂಡನ ತಂಗಿಯ ಮದುವೆ ಬಂತು. ಅಕ್ಕನಿಗೆ ರಜೆ ಸಿಗಲಿಲ್ಲ, ಅಪ್ಪ ಮಗಳು ಹುಬ್ಬಳ್ಳಿಗೆ ಹೋದರು. ಹಿಂದಿರುಗಲು ಹೊಸದಾಗಿ ವೀಸಾ ಮುದ್ರೆ ಬೇಕಿತ್ತು, ಅದು ಸಿಕ್ಕಿಹಾಕಿಕೊಂಡಿತು. ಯಾವಾಗ ಕೇಳಿದರೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ. ಅಕ್ಕನ ಪಾಸ್‌ಪೋರ್ಟಿನ ಮುದ್ರೆಯೂ ಅವಧಿ ಮುಗಿದದ್ದು. ಇಲ್ಲಿರಲು ಅಡ್ಡಿಯಿರಲಿಲ್ಲ, ಆದರೆ ಒಮ್ಮೆ ಹೊರಗೆ ಹೋದರೆ ಅವರೂ ಅಲ್ಲೇ ಸಿಕ್ಕಿಕೊಳ್ಳಬಹುದಿತ್ತು. "ಈ ವಾರ ಬರ್ತೈತಿ, ಮುಂದಿನ ವಾರ ಬರ್ತೈತಿ" ಎನ್ನುತ್ತಾ ದಿನ ದೂಡುತ್ತಿದ್ದರು.

ಆ ವಾರದ ಶನಿವಾರದಿಂದಲೇ ನಮ್ಮ ತಿರುಗಾಟ ಶುರುವಾಯಿತು. ಕಾರು ಅಕ್ಕನದು, ನಾಲಿಗೆ ನನ್ನದು. ಬೆಳಿಗ್ಗೆ ಮೊದಲು ಇಂಡಿಯನ್ ಅಂಗಡಿಗಳ ಬೀಡಾದ ಐಸೆಲಿನ್. ಓಕ್ ಟ್ರೀ ರೋಡಿನಲ್ಲಿ ಪಾರ್ಕಿಂಗಿಗಾಗಿ ಮೂರು ಸುತ್ತು ಹಾಕಿ, ಕರಿಬೇವು, ಜೋಳದ ಹಿಟ್ಟು, ಎಳೆಯ ಬೆಂಡೆಕಾಯಿ. ಬೆಂಡೆಕಾಯಿಯ ತುದಿ ಮುರಿದು ನೋಡುವುದರಲ್ಲಿ ಅಕ್ಕನಿಗೂ ಅಂಗಡಿಯವನಿಗೂ ಪ್ರತಿವಾರ ಒಂದು ಸಣ್ಣ ಯುದ್ಧ. ಅದಾದ ಮೇಲೆ ಯಾವುದಾದರೂ ಒಂದು ಊರು, ಒಂದು ತೋಟ, ಒಂದು ಸಮುದ್ರ ದಂಡೆ.

ಹೋದಲ್ಲೆಲ್ಲ ಅಕ್ಕ ಒಂದನ್ನು ಬಿಟ್ಟುಬಿಡುತ್ತಿದ್ದರು. ಮೊದಮೊದಲು ನನಗೆ ತಿಳಿಯಲಿಲ್ಲ. ಹಣ್ಣಿನ ತೋಟಕ್ಕೆ ಹೋದೆವು. ಬುಟ್ಟಿ ತುಂಬ ಪೀಚ್ ಕಿತ್ತರು, ಆದರೆ ಮಕ್ಕಳು ಮರಿಯೆಲ್ಲ ಹತ್ತುವ ಟ್ರ್ಯಾಕ್ಟರ್ ಗಾಡಿ ಹತ್ತಲಿಲ್ಲ. ಸಮುದ್ರದ ಪಕ್ಕದ ಜಾತ್ರೆಯಂಥ ಬೋರ್ಡ್‌ವಾಕಿನಲ್ಲಿ ಜೋಕಾಲಿ ಚಕ್ರದ ಕೆಳಗೆ ತಲೆಯೆತ್ತಿ ನಿಂತು ನೋಡಿದರು, ಹತ್ತಲಿಲ್ಲ. ಲೈಟ್‌ಹೌಸಿನ ಬಾಗಿಲಿನವರೆಗೆ ಹೋಗಿ ವಾಪಸು ಬಂದರು. ಕೊನೆಗೊಂದು ದಿನ ಎರಡು ಗಂಟೆ ಡ್ರೈವ್ ಮಾಡಿ ಬೀಚಿಗೆ ಹೋಗಿ, ಚಪ್ಪಲಿ ಕೂಡ ಬಿಚ್ಚದೆ ಮರಳಿನ ಮೇಲೆ ಕುಳಿತಾಗ ನನಗೆ ರೇಗಿಹೋಯಿತು.

"ಕಾಲಾದರೂ ನೆನೆಸಿಕೊಳ್ಳಿ ಅಕ್ಕ. ಸಮುದ್ರ ಏನು ಸವೆದುಹೋಗುತ್ತಾ?"

"ಎಲ್ಲಾ ನಾನೇ ಮೊದಲ ಮಾಡಿಬಿಟ್ರ ಅಕಿಗೆ ಏನ ಉಳಿತೈತಿ? ಅಕಿ ಬಂದ ಮ್ಯಾಲೆ ಇಬ್ಬರೂ ಕೂಡಿ ಇಳೀತೀವಿ. ನೀ ಹೋಗು, ಕುಣೀ ಹೋಗು."

ನಾನು ಒಬ್ಬಳೇ ನೀರಿಗಿಳಿದೆ. ತಿರುಗಿ ನೋಡಿದರೆ ಅಷ್ಟು ದೊಡ್ಡ ದಂಡೆಯಲ್ಲಿ ಅಕ್ಕ ಚೂಡಿದಾರದ ದುಪಟ್ಟಾವನ್ನು ತಲೆಗೆ ಹೊದ್ದು ಕುಳಿತು ನನಗೆ ಕೈ ಬೀಸುತ್ತಿದ್ದರು.

ಇನ್ನೊಂದು ಸಂಗತಿಯಿದೆ. ಈ ತಿರುಗಾಟದ ಸುದ್ದಿಯನ್ನು ಅವರು ಮಗಳಿಗೆ ಹೇಳುತ್ತಿರಲಿಲ್ಲ. ಒಂದು ಫೋಟೋ ಕಳಿಸುತ್ತಿರಲಿಲ್ಲ. ಎಲ್ಲವನ್ನೂ ಅವಳು ಬಂದು ಕಣ್ಣಾರೆ ನೋಡಬೇಕು, ಬಾಯಿ ತೆರೆದುಕೊಂಡು ನಿಲ್ಲಬೇಕು, ಅದನ್ನು ತಾವು ನೋಡಬೇಕು ಎಂಬ ಆಸೆ. ಹುಬ್ಬಳ್ಳಿಯಲ್ಲಿ ರಾತ್ರಿಯೂಟದ ಹೊತ್ತಿಗೆ ಮಗಳ ಫೋನು ಬರುತ್ತಿತ್ತು, ನಮಗಾಗ ಹೊತ್ತೇರಿರುತ್ತಿತ್ತು. ಫೋನು ಬಂದರೆ ಅಕ್ಕ ಎಲ್ಲಿದ್ದರೂ ಕಾರಿಗೆ ಓಡುತ್ತಿದ್ದರು. ಗಾಜು ಏರಿಸಿಕೊಂಡು, ಸಮುದ್ರದ ಸದ್ದು ಕೇಳದಂತೆ ಮಾಡಿಕೊಂಡು, "ಮನ್ಯಾಗ ಅದೀನಿ ಬಂಗಾರಾ, ಅರಬಿ ಒಗೀಲಿಕ್ಕೆ ಹಾಕೀನಿ" ಎನ್ನುತ್ತಿದ್ದರು. ನಾನು ಹೊರಗೆ ಬಾನೆಟ್ಟಿಗೆ ಒರಗಿ ಉಳಿದ ರೊಟ್ಟಿ ತಿನ್ನುತ್ತಿದ್ದೆ. ಒಳಗೆ ಅವರು ನಗುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ...

ಎಲೆಗಳು ಕೆಂಪಾದವು. ಅಂಗಡಿಗಳ ಮುಂದೆ ಕುಂಬಳಕಾಯಿಗಳ ರಾಶಿ ಬಿತ್ತು. ಅಂಥ ಒಂದು ಶನಿವಾರ ಖಾಲಿ ಬೀಚಿನಲ್ಲಿ ಇಬ್ಬರೇ ಜಾಕೆಟ್ ಹಾಕಿಕೊಂಡು ಕುಳಿತಿದ್ದೆವು. ಫೋನು ಬಂತು. ಅಕ್ಕ ಎಂದಿನಂತೆ ಕಾರಿಗೆ ಓಡಿದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದುಕೊಂಡು ಕೂಗುತ್ತಾ ಬಂದರು. "ಬಂತವಾ! ವೀಸಾ ಬಂತು! ಇಬ್ಬರದ್ದೂ ಬಂತು!" ನಾನೂ ಕೂಗಿದೆ. ಮರಳಿನಲ್ಲಿ ಇಬ್ಬರೂ ಕೈ ಕೈ ಹಿಡಿದು ಹುಚ್ಚರ ಹಾಗೆ ತಿರುಗಿದೆವು. ಸುದ್ದಿ ಹೇಳಿದ್ದು ಗಂಡ, ಮಗಳಿನ್ನೂ ಮಾತಾಡಿರಲಿಲ್ಲ. ಅಕ್ಕ ಅಲ್ಲೇ ನಿಂತು ತಾವೇ ತಿರುಗಿ ಫೋನು ಮಾಡಿ, ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು.

"ಬ್ಯಾಗ ತುಂಬಿಕೋ ಬಂಗಾರಾ, ಬರೂದೈತಿ!"

"ನಾ ಬರೂದಿಲ್ಲವ್ವಾ" ಎಂದಳು ಹುಡುಗಿ. ಅಳುತ್ತಿರಲಿಲ್ಲ, ಹಟವೂ ಇರಲಿಲ್ಲ. "ಅಲ್ಲೆ ಬರೇ ಛಳಿ. ಕಿಡಕಿ ಸುದ್ದಾ ತಗಿಯೂದಿಲ್ಲ. ಆಡಾಕ ಯಾರೂ ಇಲ್ಲ. ನೀನೇ ಬಾ."

ಅವಳು ಕಂಡಿದ್ದು ಆ ಒಂದು ಚಳಿಗಾಲವನ್ನು ಮಾತ್ರ. ನಾನು ಕಡಲಿನ ಕಡೆ ಕೈ ತೋರಿಸಿ, ತೋರಿಸಿ ಅಕ್ಕ, ಈಗಲಾದರೂ ತೋರಿಸಿ ಎಂದು ಸನ್ನೆ ಮಾಡಿದೆ. ಅಕ್ಕ ಕೇಳಿದರು, "ಸಮುದ್ರ ನೋಡ್ತೀ?"

"ನೋಡೀನಲ್ಲ, ದಸರಾ ಸೂಟಿಯಾಗ, ಗೋಕರ್ಣದಾಗ. ಅಪ್ಪ ನನ್ನ ಒಂಟೆ ಮ್ಯಾಲೆ ಕೂಡಿಸಿದ್ದ. ನೀ ಯಾಕ ಬರಲಿಲ್ಲ?" ಆಮೇಲೆ, "ಅವ್ವಾ, ಅದೇನ ಸಪ್ಪಳ?"

ಅಕ್ಕ ಫೋನನ್ನು ಎದೆಗೆ ಒತ್ತಿಕೊಂಡು ಕಡಲಿಗೆ ಬೆನ್ನು ಮಾಡಿ ನಿಂತರು. "ಏನಿಲ್ಲ ಬಂಗಾರಾ. ಗಾಳಿ" ಎಂದರು.

ಅಂದು ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಮಕ್ಕಳು ಹಾಗೇ, ಬಂದ ಮೇಲೆ ಸರಿಹೋಗುತ್ತಾಳೆ, ಇವತ್ತೇ ನಾಲ್ಕು ಫೋಟೋ ಕಳಿಸಿ ಎಂದೆ. ನನ್ನ ಸ್ವಾರ್ಥವೂ ಅದರಲ್ಲಿತ್ತು, ಅಕ್ಕ ಹೋದರೆ ನನಗೆ ಈ ದೇಶದಲ್ಲಿ ಯಾರಿದ್ದಾರೆ? ಅಕ್ಕ ರಸ್ತೆಯನ್ನೇ ನೋಡುತ್ತಾ ಕಾರು ನಡೆಸುತ್ತಿದ್ದರು. ಫೋಟೋ ಕಳಿಸಲಿಲ್ಲ. ನಾಲ್ಕೈದು ದಿನ ಬಿಟ್ಟು ನನ್ನನ್ನು ಕರೆದು ಚಹಾ ಕೊಟ್ಟು ಹೇಳಿದರು. "ಅಲ್ಲೆ ಸಾಲಿ ಐತಿ, ಗೆಳತ್ಯಾರದಾರ, ನಕ್ಕೋತ ಅದಾಳ. ನಾ ಇಲ್ಲೆ ಕುಂತು ಆಶೆ ತೋರಿಸಿ ಅಕಿನ್ನ ಅಲ್ಲಿಂದ ಯಾಕ ಎಬ್ಬಿಸಲಿ? ನನ್ನ ಬ್ಯಾಡ ಅಂದಿಲ್ಲ ನೋಡು ಅಕಿ. ಬಾ ಅಂದಾಳ." ಇಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಅವರು ಅತ್ತದ್ದನ್ನು ನಾನು ಕಂಡದ್ದು ಆವತ್ತೊಂದೇ ಸಲ.

ಅಕ್ಕ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೊರಡುವ ಮುಂಚಿನ ಕೊನೆಯ ಶನಿವಾರ ಐಸೆಲಿನ್ನಿಗೆ ಹೋಗಿ ಬಂದೆವು. ಲೈಟ್‌ಹೌಸಾದರೂ ಹತ್ತಿ ಬರೋಣ ಅಕ್ಕ ಎಂದೆ. ಬೇಡವೆಂದರು. "ಈಗ ಹತ್ತಿದ್ರ, ಅಕಿ ಎಂದೂ ಬರೂದಿಲ್ಲಂತ ನಾನೇ ಒಪ್ಪಿಕೊಂಡಂಗ ಆಗ್ತೈತಿ, ತಂಗೀ."

ಅವರು ಹೋದರು. ಕೆಲವು ವರ್ಷ ಯುಗಾದಿಗೆ, ದೀಪಾವಳಿಗೆ ಫೋನು ಬರುತ್ತಿತ್ತು, ನಾನೂ ಮಾಡುತ್ತಿದ್ದೆ. ಆಮೇಲೆ ಬರೀ ಮೆಸೇಜು. ಆಮೇಲೆ ಅದೂ... ನಾನು ಲೈಸೆನ್ಸ್ ಮಾಡಿಸಿಕೊಂಡೆ. ಮಕ್ಕಳಾದವು, ಒಳ್ಳೆಯ ಸ್ಕೂಲಿದೆಯೆಂದು ಎಲ್ಲರಂತೆ ನಾವೂ ಪ್ಲೇನ್ಸ್‌ಬರೋಗೆ ಬಂದೆವು. ಇಲ್ಲಿ ಮನೆ ಬಾಗಿಲು ತೆರೆದರೆ ನಮ್ಮವರೇ. ಪಾಟ್‌ಲಕ್ ಊಟಕ್ಕೆ ಕರೆಯುವವರು ಬೇಕಾದಷ್ಟು ಜನ. ಆದರೂ ಲಿಫ್ಟಿನ ಮುಂದೆ ಸಿಕ್ಕವಳನ್ನು ಜಗಳದ ನಡುವೆಯೇ ಚಹಾಕ್ಕೆ ಕರೆದವರು ಮತ್ತೆ ಸಿಗಲಿಲ್ಲ.

ಈ ಸಲದ ಚಳಿ ಇಳಿಯುವ ಹೊತ್ತಿಗೆ ಹುಬ್ಬಳ್ಳಿಯ ಒಂದು ಗುರುತಿಲ್ಲದ ನಂಬರಿನಿಂದ ಕರೆ ಬಂತು. ಅಕ್ಕನ ಮಗಳು. ಈಗ ಕಾಲೇಜು ಓದುತ್ತಿದ್ದಾಳೆ. ಮಾತಿನ ಧಾಟಿ ಥೇಟ್ ತಾಯಿಯದು. "ಅವ್ವ ಹೋದ್ಲು ಆಂಟಿ. ತಿಂಗಳ ಮ್ಯಾಲಾತು" ಎಂದಳು. ಕಾಯಿಲೆಯ ವಿಷಯ ಹೇಳಿದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಕೊನೆಗೆ ಅವಳು ಕೇಳಿದಳು:

"ಅವ್ವಗ ಅಲ್ಲೆ ಭಾಳ ಬ್ಯಾಸರ ಆಗಿತ್ತೇನ್ರಿ? ಅಕಿ, ಅಮೆರಿಕಾದಾಗ ನಾ ಏನೂ ನೋಡಲೇ ಇಲ್ಲ, ನಿಮ್ಮ ಜೋಡಿ ಮನ್ಯಾಗ ಕುಂತು ಚಹಾ ಕುಡಿದದ್ದಷ್ಟೇ, ಅಲ್ಲೇನೂ ಇಲ್ಲ ಅಂತಿದ್ಲು. ಖರೇನಾ?"

ಹಾಗಾದರೆ ಅಕ್ಕ ಕೊನೆಯವರೆಗೂ ಹೇಳಿರಲಿಲ್ಲ. ತನ್ನಿಂದಾಗಿ ಅವ್ವ ಏನನ್ನೋ ಬಿಟ್ಟು ಬಂದಳು ಎಂದು ಈ ಹುಡುಗಿಗೆ ಒಂದು ದಿನವೂ ಅನಿಸದ ಹಾಗೆ ನೋಡಿಕೊಂಡಿದ್ದರು. ಪೀಚ್ ತೋಟ, ಬೋರ್ಡ್‌ವಾಕು, ಖಾಲಿ ಬೀಚು ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂದವು.

"ಹೌದಮ್ಮ" ಎಂದೆ. "ನಾವಿಬ್ಬರೂ ಎಲ್ಲೂ ಹೋಗ್ತಾ ಇರಲಿಲ್ಲ. ನಿನ್ನ ಹತ್ತಿರ ಬರೋದನ್ನೇ ಕಾಯ್ತಿದ್ರು."

ಅವಳು ನಿಟ್ಟುಸಿರು ಬಿಟ್ಟಳು. ಸಮಾಧಾನದ್ದೇ ಇರಬೇಕು. ಫೋನಿಟ್ಟಳು. ಅಕ್ಕ ಇಲ್ಲ ಎನ್ನುವುದು ಆಗ ಸರಿಯಾಗಿ ತಟ್ಟಿತು. ಆ ಶನಿವಾರಗಳು ನಡೆದದ್ದು ನಿಜವೆಂದು ಹೇಳಲು ಇನ್ನು ನಾನೊಬ್ಬಳೇ ಉಳಿದಿದ್ದೆ, ಆ ನಾನೂ ಅವು ನಡೆಯಲೇ ಇಲ್ಲವೆಂದು ಹೇಳಿಬಿಟ್ಟಿದ್ದೆ.