ಬಂಧುಗಳಿಲ್ಲದ ಪ್ರೋಟೀನ್

ಕೋವಿಡ್ ಕಳೆದ ಮರುವರ್ಷ ನಾನು ಮೈಸೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ವಿಭಾಗದ ಮುಖ್ಯಸ್ಥೆ. ವಿಭಾಗವೆಂದರೆ ನಾನು, ಎರಡು ಕಂಪ್ಯೂಟರ್ ಮತ್ತು ಸದಾ ಕೆಟ್ಟಿರುತ್ತಿದ್ದ ಒಂದು ಎ.ಸಿ. ಕೈಕೆಳಗೆ ಯಾರೂ ಇಲ್ಲದ್ದರಿಂದ ರೇಗುವ ಸುಖವೂ ಇರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ದಟ್ಟಗಳ್ಳಿಯ ಮನೆಯಲ್ಲೂ ನಾನೊಬ್ಬಳೇ. ಹಾಲಿನವನನ್ನು ಬಿಟ್ಟರೆ ಯಾರೊಡನೆಯೂ ಮಾತಾಡದ ಭಾನುವಾರಗಳು ಎಷ್ಟೋ.

ಆಗ ಬಂದವಳು ರೋಸಿ, ಮೇಲಿನ ಮಹಡಿಯ ಪ್ರಯೋಗಾಲಯದ ಪಿಎಚ್.ಡಿ. ವಿದ್ಯಾರ್ಥಿನಿ. ಚರಂಡಿ ನೀರಿನಿಂದ ಒಂದು ಬ್ಯಾಕ್ಟೀರಿಯೊಫೇಜನ್ನು, ಅಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ಸನ್ನು ಹಿಡಿದಿದ್ದಳು. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾವೂ ಅದಕ್ಕೆ ಜಗ್ಗುತ್ತಿತ್ತು. ಅದು ಬಾಲದ ತುದಿಯಿಂದ ಬ್ಯಾಕ್ಟೀರಿಯಾವನ್ನು ಹಿಡಿಯುತ್ತದೆ. ಆ ತುದಿಯ ಪ್ರೋಟೀನ್ ಯಾವುದೆಂದು ತೋರಿಸದೆ ಅವಳ ಪ್ರಬಂಧ ಮುಗಿಯುವಂತಿರಲಿಲ್ಲ. ಫೆಲೋಶಿಪ್ ಆ ಬೇಸಿಗೆಗೆ ಮುಗಿಯುತ್ತಿತ್ತು. ವಿಷಯ ಬದಲಿಸು ಎಂದು ಗೈಡ್ ಹೇಳಿಯೂ ಆಗಿತ್ತು.

"ಮೇಡಂ, ನೀವೂ ಆಗಲ್ಲ ಅಂದ್ಬುಟ್ರೆ ನಾನು ಮನೇಲಿ ಕೂರೋದೇ," ಎಂದಳು.

ನಮ್ಮ ಕೆಲಸ ಹೆಣ್ಣು ನೋಡಲು ಬಂದವರ ವಿಚಾರಣೆಯಂತೆಯೇ. ಪ್ರೋಟೀನಿನ ಅಕ್ಷರಮಾಲೆಯನ್ನು, ಅಂದರೆ ಅದರ ಅಮೈನೋ ಆಮ್ಲಗಳ ಸಾಲನ್ನು, ಡೇಟಾಬೇಸಿಗೆ ಕೊಟ್ಟು, ಇದು ಯಾರ ಕಡೆಯದು ಎಂದು ಕೇಳುವುದು. ಬಾಲದ ಕೊಳವೆಗೆ ಬಂಧುಗಳು ಸಿಕ್ಕರು. ಬಾಲದ ಉದ್ದವನ್ನು ನಿರ್ಧರಿಸುವ 'ಟೇಪ್ ಮೆಷರ್' ಪ್ರೋಟೀನಿಗೂ ಸಿಕ್ಕರು. ಒಂದಕ್ಕೆ ಮಾತ್ರ ಪ್ರತಿಸಲವೂ ಒಂದೇ ಉತ್ತರ: 'ಹೈಪೊಥೆಟಿಕಲ್ ಪ್ರೋಟೀನ್'. ಇರಬಹುದು, ಯಾರೆಂದು ಗೊತ್ತಿಲ್ಲ ಎಂದರ್ಥ. ಅದನ್ನು ಓದಿದಾಗಲೆಲ್ಲ ನನಗೇ ಹೇಳಿದಂತಿರುತ್ತಿತ್ತು.

ಫೇಜ್‌ಗಳಲ್ಲಿ ಒಂದೇ ಕೆಲಸದ ಜೀನ್‌ಗಳು ಸಾಮಾನ್ಯವಾಗಿ ಅಕ್ಕಪಕ್ಕ ಇರುತ್ತವೆ. ಇದು ಬಾಲದ ಜೀನ್‌ಗಳ ನಡುವೆಯೇ ಕೂತಿತ್ತು. ದೂರದ ಬೇರೆ ಫೇಜ್‌ಗಳನ್ನು ತೆಗೆದು ನೋಡಿದೆ. ಅಕ್ಷರಗಳಲ್ಲಿ ಹೋಲಿಕೆಯಿರಲಿಲ್ಲ, ಆದರೆ ಅದೇ ಜಾಗದಲ್ಲಿ ಅವುಗಳಲ್ಲೆಲ್ಲ ಬಾಲದ ತುದಿಯ ಪ್ರೋಟೀನೇ ಇತ್ತು. ರಚನೆ ಊಹಿಸುವ ಸಾಫ್ಟ್‌ವೇರಿಗೆ ಕೊಟ್ಟಾಗ ಮೂರು ಎಳೆ ಹೆಣೆದ ಜಡೆಯ ಆಕಾರ ಬಂತು. ಬಾಲದ ತುದಿಯ ಎಳೆಗಳು ಹಾಗೆಯೇ ಇರುತ್ತವೆ. ನನಗೆ ಖಾತ್ರಿಯಾಯಿತು, ಸಾಬೀತು ಮಾತ್ರ ಮೇಲಿನ ಮಹಡಿಯಲ್ಲೇ ಆಗಬೇಕಿತ್ತು.

ರೋಸಿ ಆ ಜೀನನ್ನು ಕೆಡಿಸಿ ಫೇಜ್ ಬೆಳೆಸಿದಳು. ಒಂದು ಮಧ್ಯಾಹ್ನ ಮೆಟ್ಟಿಲಿಳಿದು ಓಡಿಬಂದಳು. "ಹಿಡೀತಿಲ್ಲ ಮೇಡಂ! ಬ್ಯಾಕ್ಟೀರಿಯಾನ ಹಿಡೀತಾನೇ ಇಲ್ಲ!" ಆ ಪ್ರೋಟೀನಿಲ್ಲದೆ ಹಿಡಿಯಲಾಗದೆಂದರೆ ತುದಿ ಅದೇ ಎಂದಾಯಿತು. ಹೇಳಿದವಳೇ ಮತ್ತೆ ಮೇಲಕ್ಕೋಡಿದಳು. ಅಲ್ಲಿಂದ ಚಪ್ಪಾಳೆ, ನಗು ಕೇಳಿಸಿತು. ನನ್ನನ್ನು ಯಾರೂ ಕರೆಯಲಿಲ್ಲ. ಬೇಸರವಾಯಿತು, ಸುಳ್ಳೇಕೆ ಹೇಳಲಿ.

ಅವಳ ವೈವಾ, ಅಂದರೆ ಪಿಎಚ್.ಡಿ.ಯ ಮೌಖಿಕ ಪರೀಕ್ಷೆಯ ದಿನ ಎಲ್ಲರಿಗೂ ಊಟವಿತ್ತು. ಊಟದ ಹಾಲ್‌ನ ಬಾಗಿಲಲ್ಲಿ ಅಡುಗೆಯವರ ಕಡೆಯ ಹುಡುಗ ತಡೆದು ಕೇಳಿದ: "ಮೇಡಂ, ಯಾರ ಕಡೆಯವ್ರು? ಡಿಪಾರ್ಟ್‌ಮೆಂಟಾ, ಫ್ಯಾಮಿಲಿನಾ?" ಎರಡಕ್ಕೂ ಬೇರೆ ಬೇರೆ ಪಂಕ್ತಿ. ಮೇಲಿನ ಮಹಡಿಯ ಡಿಪಾರ್ಟ್‌ಮೆಂಟು ನನ್ನದಲ್ಲ, ಫ್ಯಾಮಿಲಿಯಂತೂ ಅಲ್ಲವೇ ಅಲ್ಲ. ಬಾಗಿಲಿಂದಲೇ ಹಿಂದಿರುಗಿದೆ.

ಹಿಂದಿನಿಂದ ಯಾರೋ ಕೈ ಹಿಡಿದರು. ಬೆಳಿಗ್ಗೆ ವೈವಾ ಮುಗಿದಾಗ ರೋಸಿ ಪರಿಚಯಿಸಿದ್ದ ಅವಳ ತಾಯಿ ಫಿಲೋಮಿನಾ. "ನಮ್ಮ ಕಡೆಯವ್ರು ಕಣಪ್ಪ. ನನ್ ಪಕ್ಕದಲ್ಲೇ ಎಲೆ ಹಾಕು," ಎಂದರು.

ಊಟದ ನಡುವೆ ಕಣ್ಣು ತುಂಬಿತು. ಸಾರು ಖಾರ ಎಂದೆ. ಆಕೆ ಹುಡುಗನನ್ನು ಕರೆದು ತುಪ್ಪ ಹಾಕಿಸಿದರು.

ಸಂಜೆ ಬೀಗ ತೆಗೆದಾಗ ಮನೆ ಎಂದಿನಂತೆ ಖಾಲಿಯೇ ಇತ್ತು. ಬಂಧುಗಳಿಲ್ಲದ್ದನ್ನು ಅಕ್ಕಪಕ್ಕದಿಂದ ಗುರುತಿಸಬಹುದೆಂದು ನನಗೆ ಕಲಿಸಿದ್ದು ಈ ಕೆಲಸ. ಆದರೆ ಅಕ್ಕಪಕ್ಕ ಎಂದರೇನೆಂದು ತಿಳಿದದ್ದು ಆ ಎಲೆಯ ಮುಂದೆ ಕೂತಾಗ.