ಕೆನ್ನೆಯ ಮೇಲಿನ ನೀಲಿ

ಮಡಕಶಿರಾದ ಬಟ್ಟೆ ಅಂಗಡಿಯಲ್ಲಿ ಮೊನ್ನೆ ಗಂಡನಿಗೆ ಪ್ಯಾಂಟ್ ನೋಡುತ್ತಿದ್ದೆ. ಅಂಗಡಿಯವನು ಹೊಸ ಜೀನ್ಸುಗಳ ಅಟ್ಟಿಯನ್ನು ತಂದು ಮುಂದೆ ಹಾಕಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಗಂಜಿ, ನೀಲಿ ಬಣ್ಣ, ಮೆಷಿನ್ ಎಣ್ಣೆ ಮೂರೂ ಬೆರೆತ ವಾಸನೆ. “ತಗಳಿ ಮೇಡಂ, ಎಷ್ಟ್ ಒಗುದ್ರೂ ಬಣ್ಣ ಬಿಡಲ್ಲ, ಗ್ಯಾರಂಟಿ” ಅಂದ. ನಾನು ಒಂದು ಪ್ಯಾಂಟನ್ನು ಒಳಹೊರಗು ಮಾಡಿ ಜೇಬಿನ ಮೂಲೆ ನೋಡಿದೆ. ಅಲ್ಲೊಂದು ದಾರ ಹಾಗೇ ನೇತಾಡುತ್ತಿತ್ತು. ಅವ್ವನ ಕಣ್ಣಿಗೆ ಬಿದ್ದಿದ್ದರೆ ಅದು ಉಳಿಯುತ್ತಿರಲಿಲ್ಲ.

ರಾಯದುರ್ಗದ ಕೋಟೆ ಬೆಟ್ಟದ ಬುಡದಲ್ಲಿ ನಮ್ಮದೊಂದು ಸಣ್ಣ ಬಾಡಿಗೆ ಮನೆಯಿತ್ತು. ಈಗ ಆ ಮನೆಗಳ ಸಾಲೇ ಇಲ್ಲ, ಕೆಡವಿ ಗೋಡೌನ್ ಕಟ್ಟಿದ್ದಾರೆ. ಅಪ್ಪ ಓಬಳಾಪುರದ ಕಡೆ ಲಾರಿಗೆ ಹೋಗುತ್ತಿದ್ದ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಇದ್ದದ್ದು ನಾನು, ಅವ್ವ, ಮತ್ತು ಪ್ಯಾಂಟುಗಳು. ಜೀನ್ಸ್ ಕಾರ್ಖಾನೆಯವರು ಹೊಲಿದು ಮುಗಿದ ಪ್ಯಾಂಟುಗಳನ್ನು ಮೂಟೆಗಟ್ಟಲೆ ತಂದು ನಮ್ಮ ಪಡಸಾಲೆಯಲ್ಲಿ ಇಳಿಸುತ್ತಿದ್ದರು. ಹೊಲಿಗೆಯ ತುದಿಯಲ್ಲಿ ಉಳಿದ ದಾರಗಳನ್ನೆಲ್ಲ ಸಣ್ಣ ಕಟ್ಟರಿನಿಂದ ಕತ್ತರಿಸುವುದು ಅವ್ವನ ಕೆಲಸ. ಇನ್ನೂ ನೀರು ಕಾಣದ ಬಟ್ಟೆ, ಮುಟ್ಟಿದ್ದಕ್ಕೆಲ್ಲ ಬಣ್ಣ ಹತ್ತುತ್ತಿತ್ತು. ಲೈಟಿನ ಸ್ವಿಚ್ಚು ನೀಲಿ, ನೀರಿನ ಕೊಡದ ಕಂಠ ನೀಲಿ, ಉಪ್ಪಿನ ಡಬ್ಬಿಯ ಮುಚ್ಚಳ ನೀಲಿ. ಅವ್ವನ ಕೈಯಂತೂ ಮೊಣಕೈವರೆಗೆ ನೀಲಿ. ಹುಣಸೆಹಣ್ಣು, ನಿಂಬೆಸಿಪ್ಪೆ ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಅದು ಕೂತೇ ಇರುತ್ತಿತ್ತು.

ದಿನಾ ಬೆಳಗ್ಗೆ ಅವ್ವ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಎರಡು ಜಡೆ ಹಾಕುತ್ತಿದ್ದಳು. ಎಷ್ಟು ಬಿಗಿ ಅಂದರೆ ಹುಬ್ಬು ಮೇಲೆ ಎಳೆದಂತಾಗುತ್ತಿತ್ತು. ಜಡೆ ಮುಗಿದ ಮೇಲೆ ನನ್ನನ್ನು ತನ್ನ ಕಡೆ ತಿರುಗಿಸಿ, ಎರಡೂ ಅಂಗೈಯಿಂದ ಕೆನ್ನೆ ಸವರಿ, ತನ್ನ ಕಣತಲೆಗೆ ಬೆರಳು ಒತ್ತಿ ಪಟಪಟ ಲಟಿಗೆ ಮುರಿಯುತ್ತಿದ್ದಳು. ಪಕ್ಕದ ಮನೆಯ ತಿಪ್ಪಕ್ಕನದೂ ಅದೇ ದಾರ ಕತ್ತರಿಸುವ ಕೆಲಸ. ಅವಳು ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದಳು: “ಯವ್ವಾ, ಈ ಕಡ್ಡಿಪೆಟ್ಟಿಗಿಗೆ ಯಾರ ಕಣ್ಣು ಬೀಳ್ತದಬೇ?”

“ನಿಂದ ಮೊದ್ಲು ಬೀಳ್ತದ. ಅತ್ಲಾಗ ನೋಡು,” ಅನ್ನುತ್ತಿದ್ದಳು ಅವ್ವ.

ಸಣ್ಣವಳಿದ್ದಾಗ ನನಗೆ ಇದು ಹಿತವಾಗಿತ್ತು. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಮೈ ಉರಿಯತೊಡಗಿತ್ತು. ಬಿಳಿ ರಿಬ್ಬನ್ನಿನ ಮೇಲೆ ನೀಲಿ, ಕಿವಿಯ ಹಿಂದೆ ನೀಲಿ. ಕ್ಲಾಸಿನ ಶೈಲಜಾ ನನಗೆ ‘ನೀಲವೇಣಿ’ ಅಂತ ಹೆಸರಿಟ್ಟಿದ್ದಳು. ನಾನು ಒಳಗೆ ಕಾಲಿಟ್ಟರೆ ಸಾಕು, “ನೀಲವೇಣಿ ಒಚ್ಚಿಂದಿ!” ಅಂತ ತೆಲುಗಿನಲ್ಲಿ ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಕ್ಲಾಸಿನ ಫೋಟೋ ತೆಗೆಯುವ ದಿನ ಬೇಗ ಹೋಗಬೇಕಿತ್ತು. ಅವ್ವ ಮೂಟೆಯ ಮುಂದಿನಿಂದ ಎದ್ದವಳೇ ಜಡೆ ಹಾಕಿ, ಕೆನ್ನೆ ಸವರಿ ಕಳಿಸಿದಳು. ಕನ್ನಡಿ ನೋಡಿಕೊಳ್ಳದೆ ಓಡಿದೆ.

ಎರಡು ವಾರದ ನಂತರ ಫೋಟೋ ಬಂತು. ಎಲ್ಲರ ನಡುವೆ ನನ್ನ ಎರಡೂ ಕೆನ್ನೆಯ ಮೇಲೆ ನಾಲ್ಕು ನಾಲ್ಕು ನೀಲಿ ಗೆರೆ. ಮನೆಗೆ ತಂದಾಗ ಅವ್ವ ಕಟ್ಟರ್ ಕೆಳಗಿಟ್ಟು, ಸೀರೆಗೆ ಕೈ ಒರೆಸಿಕೊಂಡಳು. “ಕೊಡಿಲ್ಲಿ, ನೋಡನು. ಎಲ್ಲಿ ನಿಂತೀ? ಇಲ್ಲೇನು? ಚಂದ ಬಿದ್ದೀಯಲ್ಲವ್ವಾ!” ನಾನು ಅದನ್ನು ಕಸಿದು ಅವಳ ಕಣ್ಣೆದುರೇ ನಾಲ್ಕು ತುಂಡು ಮಾಡಿದೆ. “ಇನ್ನ ಮ್ಯಾಲೆ ಆ ಕೈಲೆ ನನ್ನ ಮುಟ್ಟಬ್ಯಾಡ” ಅಂದೆ. ಅವ್ವ ತುಂಡುಗಳನ್ನು ಆರಿಸಿ, ಕತ್ತರಿಸಿದ ದಾರಗಳ ರಾಶಿಯ ಪಕ್ಕ ಇಟ್ಟಳು.

ಮಾರನೇ ದಿನ ಸ್ಕೂಲಿನಿಂದ ಬಂದಾಗ ಅವ್ವ ಗೋಡೆಗೆ ಒರಗಿ, ಎರಡೂ ಅಂಗೈ ಮೇಲೆ ಮಾಡಿಕೊಂಡು ಕೂತಿದ್ದಳು. ಕೈ ಕೆಂಪಾಗಿ, ಅಲ್ಲಲ್ಲಿ ಚರ್ಮ ಸುಲಿದಿತ್ತು. ತಿಪ್ಪಕ್ಕ ಕೊಬ್ಬರಿ ಎಣ್ಣೆ ಸುರಿಯುತ್ತ ಬೈಯುತ್ತಿದ್ದಳು. ಪ್ಯಾಂಟಿಗೆ ಬಿಳಿ ಮಚ್ಚೆ ತರಿಸಲು ಹಾಕುವ ಬ್ಲೀಚಿಂಗ್ ನೀರನ್ನು ಅವ್ವ ಕಾರ್ಖಾನೆಯಲ್ಲಿ ಕೇಳಿ ಬಾಟಲಿಯಲ್ಲಿ ತಂದು ಅದರಲ್ಲಿ ಕೈ ಅದ್ದಿದ್ದಳಂತೆ. “ಬಟ್ಟಿ ನೀಲಿ ತೆಗೀತದ, ಕೈದು ತೆಗಿಯಂಗಿಲ್ಲೇನು ಅಂತಾಳ ನಿಮ್ಮವ್ವ! ಕೈ ಅಂದ್ರ ಪ್ಯಾಂಟೇನಬೇ?”

ಅವ್ವ ನನ್ನ ಕಡೆ ನೋಡಿ ನಗಲು ನೋಡಿದಳು. “ಸ್ವಲ್ಪ ಬೆಳ್ಳಗಾಗ್ಯಾವ. ಹೌದಲ್ಲ?”

ಆಗ ಆ ಕೈ ಹಿಡಿದುಕೊಳ್ಳಬೇಕಿತ್ತು. ನನ್ನ ಬಾಯಿಂದ ಬಂದದ್ದು, “ಈಗ ರೊಟ್ಟಿ ಯಾರು ಬಡೀತಾರ?” ಎಂಬ ಮಾತು. ಹದಿನೈದು ವರ್ಷದ ಹುಡುಗಿಗೆ ಹೆದರಿಕೆಯಾದರೆ ಬಾಯಿಂದ ಏನು ಬರುತ್ತದೋ ಅವಳಿಗೇ ಗೊತ್ತಿರುವುದಿಲ್ಲ ಅಂತ ಈಗ ಹೇಳಬಹುದು. ಹೇಳಿ ಏನು ಮಾಡುವುದು.

ಆ ಕೈ ವಾಸಿಯಾಗುವವರೆಗೆ ರೊಟ್ಟಿ ಬಡಿದದ್ದೂ, ದಾರ ಕತ್ತರಿಸಿದ್ದೂ ನಾನೇ. ನನ್ನ ಬೆರಳೂ ನೀಲಿಯಾದವು. ಹಾಗೇ ಸ್ಕೂಲಿಗೆ ಹೋದೆ, ಯಾರು ಏನಂದರೂ ಅನ್ನಲಿ ಅಂತ. ಕೈ ವಾಸಿಯಾದ ಮೇಲೆ ಒಂದು ಬೆಳಗ್ಗೆ ಬಾಚಣಿಗೆ ಹಿಡಿದು, ಅವ್ವನಿಗೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕೂತೆ. ಹಿಂದೆ ಕಟ್ಟರಿನ ಟಿಕ್ ಟಿಕ್ ಸದ್ದು ನಿಲ್ಲಲೇ ಇಲ್ಲ. “ಅವ್ವಾ, ಜಡಿ,” ಅಂದೆ.

“ನಿನಗ ಬರ್ತದಲ್ಲವ್ವಾ ಈಗ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಬಹುದಿತ್ತು. ಅವಳು ಊಟಕ್ಕೆ ಕರೆದಳು, ಜ್ವರ ಬಂದಾಗ ಕಷಾಯ ಕಾಸಿದಳು, ಆದರೆ ಲೋಟವನ್ನು ನನ್ನ ಪಕ್ಕ ನೆಲದ ಮೇಲೆ ಇಟ್ಟಳು. ಮುಟ್ಟಬ್ಯಾಡ ಅಂದ ನನ್ನ ಮಾತನ್ನು ಅವ್ವ ಅಷ್ಟು ನಿಷ್ಠೆಯಿಂದ ನಡೆಸಿಕೊಟ್ಟಳು. ತಪ್ಪಾಯಿತು ಅನ್ನುವ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು ಹಾಗೇ ಹಿಂದೆ ಹೋಯಿತು. ನಮ್ಮ ಮನೆಯಲ್ಲಿ ಆ ಮಾತನ್ನು ದೇವರ ಮುಂದೆ ಬಿಟ್ಟರೆ ಯಾರ ಮುಂದೂ ಆಡಿದವರಿರಲಿಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ ಅದು. ಅನಂತಪುರದ ಹಾಸ್ಟೆಲಿನಲ್ಲಿ ಮೂರು ವರ್ಷ ಇದ್ದು, ಸರ್ಟಿಫಿಕೇಟನ್ನು ಎದೆಗವಚಿಕೊಂಡು ರಾಯದುರ್ಗದ ಬಸ್ಸಿಳಿದು ಓಡಿ ಬಂದೆ. ಅವ್ವ ಎದ್ದು ನಿಂತು, ಎರಡೂ ಕೈಗೆ ಸೆರಗು ಹೊದಿಸಿ, ಆಮೇಲೆ ಅದನ್ನು ತೆಗೆದುಕೊಂಡಳು. “ಇದಕ್ಕ ಹತ್ತಬಾರದು ನೋಡು,” ಅಂದಳು. ತಲೆಕೆಳಗಾಗಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ನಾನು ತಿರುಗಿಸಿ ಹಿಡಿಸಲಿಲ್ಲ.

ಮಡಕಶಿರಾದಲ್ಲಿ ನೌಕರಿ ಸಿಕ್ಕ ಮೇಲೆ ಅವಳನ್ನು ಕರೆತಂದೆ. ಕಟ್ಟರ್ ಬಿಟ್ಟು ವರ್ಷಗಳಾದ ಮೇಲೆ ಲಕ್ವ ಹೊಡೆದು ಎಡಭಾಗ ಹೋಯಿತು, ಮಾತೂ ಹೋಯಿತು. ಒಂದು ಬೆಳಗ್ಗೆ ಆಫೀಸಿಗೆ ಹೊರಟವಳು ಬಾಗಿ ಗಂಜಿ ಕುಡಿಸುತ್ತಿದ್ದೆ. ಅವ್ವನ ಬಲಗೈ ನಿಧಾನಕ್ಕೆ ಮೇಲೆದ್ದು ನನ್ನ ಕೆನ್ನೆಯ ಹತ್ತಿರ ಬಂತು. ಬಂದದ್ದು ಅಲ್ಲೇ ನಿಂತಿತು. ಅವಳು ತನ್ನ ಅಂಗೈ ನೋಡಿಕೊಂಡಳು. ಹೊದಿಕೆಗೆ ಒಂದು ಸಲ ಒರೆಸಿದಳು. ಇನ್ನೊಂದು ಸಲ ಒರೆಸಿದಳು. ಆಮೇಲೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. “ಏನೂ ಇಲ್ಲವ್ವಾ, ನೋಡು, ಬೆಳ್ಳಗ ಅದಾವ” ಅಂತ ಆ ಕೈ ಹೊರತೆಗೆದು ಕೆನ್ನೆಗೆ ಒತ್ತಿಕೊಂಡೆ. ಅದು ಒಣ ಬಟ್ಟೆಯ ಹಾಗೆ ಜಾರಿ ಬಿತ್ತು. ಅದಾದ ಮೂರನೇ ವಾರಕ್ಕೆ ಅವಳು ಹೋದಳು.

ಅಂಗಡಿಯಿಂದ ಬಂದ ದಿನ ಶೈಲಜಾಳ ನಂಬರು ಹುಡುಕಿ ಫೋನು ಮಾಡಿದೆ. ಅವಳೀಗ ಬಳ್ಳಾರಿಯಲ್ಲಿದ್ದಾಳೆ. “ಆ ಹಳೇ ಫೋಟೋ ಯಾಕ ಬೇಕಾತೇ ನೀಲವೇಣಿ?” ಅಂತ ನಕ್ಕು, ಹುಡುಕಿ, ಮೊಬೈಲಿಗೆ ಕಳಿಸಿದಳು. ಮಾಸಿದ ಫೋಟೋಕ್ಕೆ ಮೊಬೈಲ್ ಹಿಡಿದು ತೆಗೆದ ಫೋಟೋ. ಎರಡನೇ ಸಾಲಿನಲ್ಲಿ ನಾನು, ಬಿಗಿ ಜಡೆ, ಎಳೆದ ಹುಬ್ಬು. ಕೆನ್ನೆಯ ಮೇಲೆ ಏನೋ ಇದೆ. ಅವ್ವನ ಬೆರಳೋ, ಪಕ್ಕದವಳ ನೆರಳೋ ಗೊತ್ತಾಗುವುದಿಲ್ಲ. ಎರಡು ಬೆರಳಿಟ್ಟು ದೊಡ್ಡದು ಮಾಡುತ್ತೇನೆ. ದೊಡ್ಡದು ಮಾಡಿದಷ್ಟೂ ಮಸುಕಾಗುತ್ತದೆ.