ಮೇಜಿನ ಮೇಲಿನ ವಿಭೂತಿ

ಪುಣಜನೂರಿನಿಂದ ಸೊಸೆಯಾಗಿ ಬಂದಾಗ ಶಶಿರೇಖಾಳಿಗೆ ಮರಗೆಲಸದ ಗಂಧವೂ ಇರಲಿಲ್ಲ. ಗಂಡ ಮಲ್ಲೇಶ್ ಕೊಯ್ಯುವಾಗ ಹಲಗೆಯ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದಳು, ಅಷ್ಟೆ. ಹಿಡಿಯುತ್ತ ಹಿಡಿಯುತ್ತ ಕೆಲಸ ಕೈಗೆ ಹತ್ತಿತು. ಈಗ ಚಾಮರಾಜನಗರದ ಅವರ ಅಂಗಡಿಯಲ್ಲಿ ಕೊಯ್ಯುವವಳು ಅವಳೇ; ಮಲ್ಲೇಶ್ ಮನೆಮನೆಗೆ ಹೋಗಿ ಜೋಡಿಸುತ್ತಾನೆ. ಅತ್ತೆ ಚಂದ್ರಮತಿ ಇದಕ್ಕೆ ಹೂಂ ಅಂದವರೂ ಅಲ್ಲ, ಊಹೂಂ ಅಂದವರೂ ಅಲ್ಲ.

ಚಂದಕವಾಡಿಯ ಗಂಗಾಧರಸ್ವಾಮಿಯವರ ಅಡುಗೆಮನೆಯ ಬೀರು ಬಾಗಿಲುಗಳು ಶಶಿರೇಖಾ ತಾನೇ ಮಾತಾಡಿ ಒಪ್ಪಿಕೊಂಡ ಮೊದಲ ಕೆಲಸ. ನಾಳೆ ಅವರ ಮನೆ ಒಕ್ಕಲು. ಸಂಜೆಯೊಳಗೆ ಬಾರದಿದ್ದರೆ ಬದನಗುಪ್ಪೆಯಿಂದ ರೆಡಿಮೇಡ್ ತರಿಸುವುದಾಗಿ ಹೇಳಿದ್ದರು.

ಇವತ್ತೇ ಹಲಗೆ ಕೊಯ್ಯುವ ಮೇಜು ಮುನಿಸಿಕೊಂಡಿತು.

ಮೇಜಿನ ಮೇಲೆ ಎರಡು ಅಲ್ಯೂಮಿನಿಯಂ ಪಟ್ಟಿಗಳು. ಹಲಗೆ ಒರಗುವುದು ಫೆನ್ಸ್; ಗರಗಸ ಜಾರುವುದು ಗೈಡ್. ಎರಡೂ ಒಂದಕ್ಕೊಂದು ಮೂಲೆಮಟ್ಟಕ್ಕೆ, ಅಂದರೆ ಲಂಬವಾಗಿ, ಕೂತರೆ ಬಾಗಿಲಿನ ಮೂಲೆಗಳೂ ನೇರ. ಮೂಲೆಮಟ್ಟ ಇಟ್ಟು ನೋಡಿದರೆ ಎಲ್ಲ ಸರಿಯಿತ್ತು. ಆದರೆ ಉದ್ದನೆಯ ಹಲಗೆ ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಅಂಚುಗಳನ್ನು ಕೂಡಿಸಿದರೆ ನಡುವಿನ ಸಂದಿಯಿಂದ ಬೆಳಕು ಹಲ್ಲು ಕಿರಿಯುತ್ತಿತ್ತು.

"ಇನ್ನೂ ಎಷ್ಟೊತ್ತಮ್ಮಿ ಅದ್ನ ಮುದ್ದಾಡೀಯೆ? ಆಟೋ ಬಂದು ನಿಂತದೆ," ಎಂದ ಮಲ್ಲೇಶ್.

"ನೀವ್ ಟೀ ಕುಡ್ಕಂಡ್ ಬನ್ನಿ ಓಗಿ."

ಅವಳು ಗಿಡ್ಡ ಹಲಗೆಯೊಂದನ್ನು ಕೊಯ್ದು ಕೂಡಿಸಿದಳು. ಸಂದಿಯೇ ಇಲ್ಲ! ಗಿಡ್ಡಕ್ಕೆ ನೇರ, ಉದ್ದಕ್ಕೆ ವಾರೆ. ಹಾಗಾದರೆ ತಪ್ಪಿರುವುದು ಗಿಡ್ಡ ಹಲಗೆ ಮುಟ್ಟದ ಕಡೆ. ಫೆನ್ಸಿನ ಮೇಲೆ ಬೆರಳು ಸವರುತ್ತ ಹೋದಳು. ತುದಿಯಲ್ಲಿ ಬೆರಳಿಗೆ ಏನೋ ತಡೆಯಿತು. ಆಯುಧಪೂಜೆಯ ಮೂರು ವಿಭೂತಿ ಪಟ್ಟೆ, ಗಾರೆಯಂತೆ ಒಣಗಿ ಕೂತಿತ್ತು. ಹಬ್ಬವಾದ ಮೇಲೆ ಅಷ್ಟುದ್ದದ ಹಲಗೆ ಅಲ್ಲಿಗೆ ಒರಗಿದ್ದು ಇವತ್ತೇ.

"ಅತ್ತೆಮ್ಮಾ! ಇದೇನು, ಗೋಡೆಗೆ ಮೆತ್ದಂಗೆ ಮೆತ್ತಿದ್ದೀರಿ?"

ಹೂ ಕಟ್ಟುತ್ತಿದ್ದ ಚಂದ್ರಮತಿ ಎದ್ದು ಬಂದರು. "ಗರಗಸ ಕಣಮ್ಮಿ ಅದು. ನಿನ್ ಬೆರಳ್ಗೆ ತಾಕ್ದಂಗಿರ್ಲಿ ಅಂತ ಒಂಚೂರು ಜಾಸ್ತೀನೆ ಬಳ್ದೆ."

ಕೆರೆಯಲು ಎತ್ತಿದ್ದ ಉಳಿ ಶಶಿರೇಖಾಳ ಕೈಯಲ್ಲೇ ನಿಂತಿತು.

"ಶಿವ್ನೇ ಅಡ್ಡ ಕೂತವ್ನೆ, ಬಾಗ್ಲು ಎಲ್ಲಿ ಕೂತದು!" ಟೀ ಕುಡಿದು ಬಂದ ಮಲ್ಲೇಶ್ ನಕ್ಕ.

"ಸುಮ್ಕಿರ್ಲಾ," ಎಂದು ಗದರಿದ ಚಂದ್ರಮತಿ, ಸೆರಗಿನ ತುದಿ ಒದ್ದೆ ಮಾಡಿ ತಾವೇ ಉಜ್ಜಿದರು. ಬೆರಳಿಗಂಟಿದ ವಿಭೂತಿಯನ್ನು ಸೊಸೆಯ ಹಣೆಗೆ ಎಳೆದರು. "ಇಲ್ಲಿರ್ಲಿ ಬುಡು. ಇಲ್ಲಿ ಯಾವ ಅಲ್ಗೇನೂ ಒರಗಕಿಲ್ಲ."

ಉಜ್ಜುವಾಗ ಅಲುಗಿದ್ದ ಫೆನ್ಸನ್ನು ಶಶಿರೇಖಾ ಮತ್ತೆ ಮೂಲೆಮಟ್ಟಕ್ಕೆ ತಂದು ಬಿಗಿದಳು. ಈ ಸಲ ಕೊಯ್ದ ಉದ್ದನೆಯ ಹಲಗೆಯ ಎರಡು ತುಂಡುಗಳು ಗುಟ್ಟು ಹೇಳುವವರ ಕೆನ್ನೆಗಳಂತೆ ಕೂಡಿದವು.

ಸಂಜೆ ಚಂದಕವಾಡಿಯಿಂದ ಮಲ್ಲೇಶನ ಫೋನು. "ಸ್ವಾಮೇರು ಬಾಗ್ಲು ತಗ್ದು ಮುಚ್ಚಿ, ತಗ್ದು ಮುಚ್ಚಿ ಮಗೀನಂಗೆ ಆಡ್ತಾವ್ರೆ. ನಾಳಿಕೆ ನಿನ್ನೇ ಮೊದ್ಲು ಕರ್ಕಬಾ ಅಂದವ್ರೆ ಕಣಮ್ಮಿ!"

"ಅತ್ತೇನೂ ಬತ್ತಾರೆ ಅಂತೇಳಿ," ಎಂದಳು ಶಶಿರೇಖಾ.